ನೆಳ್ಳು ಎಲ್ಲಿ ಹೋಗ್ತದ: ರಾಯಚೂರಿನ ರಸ್ತೆ, ಮರ ಮತ್ತು ಮೈಗೆ ತಟ್ಟುವ ಬಿಸಿಲು

(ರಾಯಚೂರಿನಲ್ಲಿ ಬೇಸಿಗೆಯ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಆಗ ಬಿಡಿಸಿ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದೆ.)

ಮೊದಲು ಹೂ ಮಾರುವ ಒಬ್ಬ ಅಕ್ಕನ ವಿಷಯ ಹೇಳುತ್ತೇನೆ. ಉತ್ತರ–ದಕ್ಷಿಣವಾಗಿ ಹೋಗುವ ಒಂದು ರಸ್ತೆ. ಅದರ ಪೂರ್ವದ ಅಂಚಿನಲ್ಲಿ ಒಂದೇ ಒಂದು ಬೇವಿನ ಮರ, ಮರದ ಹಿಂದೆ ಕಾಂಪೌಂಡ್ ಗೋಡೆ. ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಈ ಅಕ್ಕ ಹೂವಿನ ಪುಟ್ಟಿ, ಅಂದರೆ ಬುಟ್ಟಿ, ಇಟ್ಟುಕೊಂಡು ಮರದ ಮುಂದೆ, ರಸ್ತೆಯ ಕಡೆ ಕೂತಿರುತ್ತಿದ್ದರು. ಮಧ್ಯಾಹ್ನ ಬರುವಾಗ ಮರದ ಬುಡದಲ್ಲಿ. ಸಂಜೆ ನಾಲ್ಕಕ್ಕೆ ಹೋದರೆ ಹಿಂದಿನ ಗೋಡೆಗೆ ಒರಗಿ. ಎಷ್ಟೋ ದಿನ ನೋಡಿ ಕೊನೆಗೊಮ್ಮೆ ಕೇಳಿದೆ. "ನೆಳ್ಳು ಎಲ್ಲಿ ಹೋಗ್ತದ ಅಲ್ಲಿ ನನ್ನ ಪುಟ್ಟಿ ಹೋಗ್ತದ್ರೀ ಸರ್. ಹೂವು ಬಾಡಿದ್ರ ಯಾರ್ ತಗೊಂತಾರ?" ಅಂದರು.

ನಾನು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಸೂರ್ಯನ ಎತ್ತರ, ಕೋನ, ನೆರಳಿನ ಉದ್ದ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದವನು. ಆದರೆ ಆ ಗಣಿತದಿಂದ ಒಬ್ಬರ ಹೊಟ್ಟೆ ತುಂಬುತ್ತದೆ ಅನ್ನುವುದು ಅವತ್ತು ಆ ಪುಟ್ಟಿ ನೋಡಿದಾಗ ಅರ್ಥವಾಯಿತು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ನಮ್ಮ ಊರಿಗೆ ಎಷ್ಟು ಗಿಡ ನೆಟ್ಟೆವು ಅನ್ನುವ ಲೆಕ್ಕಕ್ಕಿಂತ, ಯಾವ ಜಾಗದಲ್ಲಿ ಯಾವ ಹೊತ್ತಿಗೆ ಜನರ ಮೇಲೆ ನೆರಳು ಬೀಳುತ್ತದೆ ಅನ್ನುವ ಲೆಕ್ಕ ಬೇಕು.

ನಾವು ಬಿಸಿಲು ನಾಡಿನವರು. ಸುಡುವುದು ಒಂದೇ ಆದರೂ ನಮ್ಮ ಬಾಯಲ್ಲಿ ಅದಕ್ಕೆ ಒಂದೇ ಹೆಸರಿಲ್ಲ. ನೇರವಾಗಿ ತಲೆಗೆ ಬಡಿಯುವುದು ಬಿಸಿಲು. ಗಾಳಿಯ ಜೊತೆ ಮುಖಕ್ಕೆ ಹೊಡೆಯುವುದು ಝಳ. ಹೊತ್ತು ಮುಳುಗಿದ ಮೇಲೂ ಗೋಡೆಯಿಂದ, ಕಲ್ಲಿನಿಂದ, ಟಾರಿನಿಂದ ಬರುವುದು ಕಾವು. ಗಾಳಿಯಾಡದೆ, ಬೆವರು ಆರದೆ ಮೈ ಕುದಿಸುವುದು ಧಗೆ. ಭೌತಶಾಸ್ತ್ರದ ಪುಸ್ತಕವೂ ಇದನ್ನೇ ಹೇಳುತ್ತದೆ. ಮನುಷ್ಯನ ಮೈಗೆ ಶಾಖ ಬರುವ ಮತ್ತು ಮೈಯಿಂದ ಶಾಖ ಹೋಗುವ ದಾರಿಗಳು ಬೇರೆ ಬೇರೆ: ವಿಕಿರಣ ಒಂದು, ಗಾಳಿ ಒಂದು, ಬೆವರಿನ ಆವಿ ಒಂದು. ನಮ್ಮ ಹಿರಿಯರು ಚರ್ಮದಿಂದಲೇ ಇದನ್ನು ವಿಂಗಡಿಸಿ ಹೆಸರಿಟ್ಟಿದ್ದಾರೆ. ಟಿವಿಯಲ್ಲಿ ಮಾತ್ರ ಎಲ್ಲವನ್ನೂ ಒಂದೇ ಅಂಕಿಗೆ ಇಳಿಸಿ "ರಾಯಚೂರಿನಲ್ಲಿ 42 ಡಿಗ್ರಿ" ಅನ್ನುತ್ತಾರೆ.

ಆ 42 ಯಾವುದರ ತಾಪಮಾನ? ಹವಾಮಾನ ಕೇಂದ್ರದ ಅಂಗಳದಲ್ಲಿ ಬಿಳಿ ಬಣ್ಣದ ಒಂದು ಮರದ ಪೆಟ್ಟಿಗೆ ಇರುತ್ತದೆ. ಸುತ್ತ ಕಿಟಕಿಯ ಜಾಲರಿಯಂತೆ ಓರೆ ಪಟ್ಟಿಗಳು. ಗಾಳಿ ಒಳಗೆ ಆಡುತ್ತದೆ, ಬಿಸಿಲು ಒಳಗೆ ಬರುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ದೀಪಸ್ತಂಭಗಳ ಇಂಜಿನಿಯರ್ ಥಾಮಸ್ ಸ್ಟೀವನ್ಸನ್ ರೂಪಿಸಿದ್ದು. ಥರ್ಮಾಮೀಟರು ಅದರೊಳಗೆ, ಆಳೆತ್ತರದಲ್ಲಿ ಇರುತ್ತದೆ. ಅಂದರೆ 42 ಅನ್ನುವುದು ನೆರಳಿನಲ್ಲಿ ಕೂತ ಗಾಳಿಯ ತಾಪಮಾನ. ಆ ಪೆಟ್ಟಿಗೆಗೆ ಸಿಕ್ಕ ನೆರಳು ಬಸ್ ಕಾಯುವ ಮನುಷ್ಯನಿಗೆ ಸಿಕ್ಕಿಲ್ಲ. ಅವನ ತಲೆಯ ಮೇಲೆ ಸೂರ್ಯ, ಕಾಲ ಕೆಳಗೆ ಕಾದ ಟಾರು, ಬೆನ್ನ ಹಿಂದೆ ಕಾದ ಗೋಡೆ. ಸ್ವಚ್ಛ ಆಕಾಶದ ನಡುಹಗಲು ಸೂರ್ಯನಿಂದ ನೆಲದ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ. ಅದರಲ್ಲಿ ಬಹುಪಾಲನ್ನು ಕಪ್ಪು ಟಾರು ನುಂಗಿಕೊಂಡು 60 ಡಿಗ್ರಿ ದಾಟುತ್ತದೆ, ನಂತರ ಅದೇ ಶಾಖವನ್ನು ಮೇಲಕ್ಕೆ ಉಗುಳುತ್ತದೆ. ಬರಿಗಾಲಲ್ಲಿ ರಸ್ತೆ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುತ್ತಲಿನ ಎಲ್ಲ ಮೇಲ್ಮೈಗಳಿಂದ ಮತ್ತು ಸೂರ್ಯನಿಂದ ಮೈಗೆ ಬರುವ ಈ ವಿಕಿರಣವನ್ನೆಲ್ಲ ಕೂಡಿಸಿ ಒಂದು ಅಂಕಿಯಾಗಿ ಹೇಳುವುದಕ್ಕೆ ಸರಾಸರಿ ವಿಕಿರಣ ತಾಪಮಾನ ಅನ್ನುತ್ತಾರೆ. ಗಾಳಿ 42 ಇದ್ದಾಗ ಬಯಲು ರಸ್ತೆಯಲ್ಲಿ ಇದು 60–70ಕ್ಕೆ ಏರಬಲ್ಲದು. 1950ರ ದಶಕದಲ್ಲಿ ಅಮೆರಿಕದ ಸೈನ್ಯದ ತರಬೇತಿ ಶಿಬಿರಗಳಲ್ಲಿ ಹುಡುಗರು ಬಿಸಿಲಿಗೆ ಕುಸಿದು ಬೀಳುತ್ತಿದ್ದಾಗ, ಯಾವ ಹೊತ್ತಿಗೆ ಕವಾಯತು ನಿಲ್ಲಿಸಬೇಕು ಅಂತ ತೀರ್ಮಾನಿಸಲು ಒಂದು ಸೂತ್ರ ಕಟ್ಟಿದರು. ಇವತ್ತಿಗೂ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ ನೂರಕ್ಕೆ 70ರ ಪಾಲು, ಬಿಸಿಲಿನಲ್ಲಿಟ್ಟ ಕಪ್ಪು ಗುಂಡಿನ ಥರ್ಮಾಮೀಟರಿಗೆ 20, ನಾವು ದಿನಾ ಕೇಳುವ ಗಾಳಿಯ ತಾಪಮಾನಕ್ಕೆ ಬರೀ 10.

ಈ ಕಪ್ಪು ಗುಂಡನ್ನು ನೀವೂ ಮಾಡಬಹುದು. ಟೇಬಲ್ ಟೆನ್ನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಸಣ್ಣ ತೂತು ಮಾಡಿ, ಒಳಗೆ ಥರ್ಮಾಮೀಟರಿನ ತುದಿ ಇಟ್ಟು ಅಂಟಿಸಿದರೆ ಆಯಿತು. ನನ್ನ ವಿದ್ಯಾರ್ಥಿಗಳು ಇಂಥ ಮೂರು ಚೆಂಡು ಮಾಡಿ ಒಂದನ್ನು ಬಯಲಲ್ಲಿ, ಒಂದನ್ನು ತಗಡಿನ ಬಸ್ ತಂಗುದಾಣದ ಕೆಳಗೆ, ಒಂದನ್ನು ಬೇವಿನ ಕೆಳಗೆ ತೂಗಿಬಿಟ್ಟರು. ಬಯಲಿನದು ಸರಸರ ಏರಿತು, ಅದು ಗೊತ್ತೇ ಇತ್ತು. ಹುಡುಗರಿಗೆ ಬೆರಗಾದದ್ದು ತಗಡಿನ ಕೆಳಗಿನದು. ಅದಕ್ಕೂ ಬಿಸಿಲಿರಲಿಲ್ಲ, ಬೇವಿನ ಕೆಳಗಿನದಕ್ಕೂ ಬಿಸಿಲಿರಲಿಲ್ಲ. ಆದರೂ ಬೇವಿನ ಕೆಳಗಿನದು ಗಾಳಿಯ ತಾಪಮಾನದ ಹತ್ತಿರವೇ ಉಳಿಯಿತು, ತಗಡಿನ ಕೆಳಗಿನದು ಅದನ್ನು ಬಿಟ್ಟು ಮೇಲೆ ಹೋಯಿತು.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಊರಿನಲ್ಲಿ ನೆರಳು ಮಾಡುತ್ತೇವೆ ಅಂದಕೂಡಲೇ ತಗಡು ಹಾಕುವುದು ರೂಢಿಯಾಗಿದೆ. ತಗಡು ಬಿಸಿಲನ್ನು ತಡೆಯುತ್ತದೆ, ನಿಜ. ಆದರೆ ತಡೆದ ಬಿಸಿಲು ಎಲ್ಲಿ ಹೋಗಬೇಕು? ತಗಡಿಗೇ ಸೇರಿ ಅದು 60, 65 ಡಿಗ್ರಿಗೆ ಕಾಯುತ್ತದೆ. ಕಾದ ವಸ್ತು ಕಣ್ಣಿಗೆ ಕಾಣದ ಕಿರಣಗಳನ್ನು ಹೊಮ್ಮಿಸುತ್ತದೆ, ಕೆಂಡದ ಮುಂದೆ ಕೈ ಹಿಡಿದಾಗ ತಟ್ಟುವಂಥದ್ದು. ಬಣ್ಣ ಬಳಿದ ಅಥವಾ ತುಕ್ಕು ಹಿಡಿದ ತಗಡು 65 ಡಿಗ್ರಿಗೆ ಕಾದರೆ, 42 ಡಿಗ್ರಿಯ ಎಲೆಗಿಂತ ಒಂದು ಚದರ ಮೀಟರಿಗೆ 150 ವ್ಯಾಟ್‌ಗೂ ಹೆಚ್ಚು ಶಾಖವನ್ನು ಕೆಳಗೆ ಕೂತವರ ನೆತ್ತಿಗೆ ಸುರಿಯುತ್ತದೆ. ಮೇಲೆ ಸ್ಟೀಲಿನ ಕುರ್ಚಿ ಬೇರೆ. ಅಂಥ ತಂಗುದಾಣ ಖಾಲಿ ಬಿದ್ದು, ಇಪ್ಪತ್ತು ಹೆಜ್ಜೆ ಆಚೆಯ ಮರದ ಕೆಳಗೆ ಜನ ಗುಂಪುಗೂಡಿ ನಿಂತಿರುವುದನ್ನು, ಬಸ್ಸಿನ ಡ್ರೈವರೂ ಅಲ್ಲೇ ನಿಲ್ಲಿಸುವುದನ್ನು ನೀವೆಲ್ಲ ನೋಡಿದ್ದೀರಿ. ಜನರಿಗೆ ಶಿಸ್ತಿಲ್ಲ ಅಂತ ಅಧಿಕಾರಿಗಳು ಬೇಸರಪಟ್ಟುಕೊಳ್ಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಸರಿಯಾದ ಅಳತೆ. ಆ ಕಪ್ಪು ಚೆಂಡು ಹೇಳಿದ್ದನ್ನೇ ಅವರ ನೆತ್ತಿ ಹೇಳಿರುತ್ತದೆ.

ಎಲೆ ಯಾಕೆ ಕಾಯುವುದಿಲ್ಲ? ಒಂದು, ಎಲೆ ತೆಳ್ಳಗೆ, ಚಿಕ್ಕದು. ಬೇವಿನ ಎಸಳಂತೂ ಬೆರಳಿನಷ್ಟು. ಗಾಳಿ ಸುತ್ತ ಆಡಿ ಅದರ ಶಾಖವನ್ನು ಆಗಾಗಲೇ ಒಯ್ಯುತ್ತದೆ. ಎರಡು, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ, ಕೆಂಪಿನ ಆಚೆಯ (ಅವಗೆಂಪು) ಕಿರಣಗಳಲ್ಲಿ ಬಹಳಷ್ಟನ್ನು ಅದು ಹೀರದೆ ಚದುರಿಸಿಬಿಡುತ್ತದೆ. ಮೂರು, ಅದು ಬೆವರುತ್ತದೆ. ನಾಲ್ಕನೆಯದನ್ನು ನಾವು ಮರೆಯುತ್ತೇವೆ: ಮರಕ್ಕೆ ಒಂದೇ ಚಾವಣಿ ಇಲ್ಲ, ಪದರದ ಮೇಲೆ ಪದರ ಇದೆ. ಮೇಲಿನ ಎಲೆ ಕಾದರೂ ನಮ್ಮನ್ನು ನೋಡುವುದು ಕೆಳಗಿನ, ನೆರಳಿನಲ್ಲಿರುವ ಎಲೆ.

ಬೆವರುವ ವಿಷಯಕ್ಕೆ ಬಂದರೆ, ಒಂದು ಮರ ಹತ್ತು ಏಸಿಗೆ ಸಮ ಅನ್ನುವ ಫಲಕಗಳನ್ನು ನೋಡಿದ್ದೀರಿ. ಮರದ ಮೇಲಿನ ಪ್ರೀತಿಯಿಂದ ಬರೆದದ್ದು, ಆದರೂ ಲೆಕ್ಕ ಮಾಡಿ ನೋಡೋಣ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೌಲ್ ಶಾಖ ಬೇಕು, ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ಆವಿ ಮಾಡಿತು ಅಂತ ಇಟ್ಟುಕೊಂಡರೆ, ಒಂದೂವರೆ ಟನ್ನಿನ ಏಸಿ ಹನ್ನೆರಡು–ಹದಿಮೂರು ತಾಸು ಓಡಿ ಎತ್ತಿಹಾಕುವಷ್ಟು ಶಾಖ. ಕಡಿಮೆಯೇನಲ್ಲ. ಆದರೆ ಏಸಿ ತಣಿಸುವುದು ಮುಚ್ಚಿದ ಕೋಣೆಯನ್ನು. ರಸ್ತೆಯಲ್ಲಿ ತಣಿದ ಗಾಳಿ ನಿಂತಿರುವುದಿಲ್ಲ, ಹೊರಟುಹೋಗುತ್ತದೆ. ಅಲ್ಲದೆ ಮೇ ತಿಂಗಳ ಮಧ್ಯಾಹ್ನ, ಬೇರಿಗೆ ನೀರು ಸಾಲದಾಗ, ಮರವೂ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸಿಕೊಳ್ಳುತ್ತದೆ. ನಮಗೆ ತಂಪು ಅತಿ ಹೆಚ್ಚು ಬೇಕಾದ ಹೊತ್ತಿಗೇ ಬೆವರು ಕಡಿಮೆಯಾಗುತ್ತದೆ. ಹಾಗಾಗಿ ಬಿಡಿ ಮರಗಳು ಗಾಳಿಯ ತಾಪಮಾನವನ್ನು ಸಾಮಾನ್ಯವಾಗಿ ಇಳಿಸುವುದು ಒಂದೆರಡು ಡಿಗ್ರಿ ಮಾತ್ರ. ಇದನ್ನು ಕೇಳಿ "ಅಷ್ಟೇನಾ?" ಅನ್ನುವವರಿದ್ದಾರೆ. ಗಾಳಿಯಲ್ಲಿ ಅಷ್ಟೇ, ವಿಕಿರಣದಲ್ಲಿ ಇಪ್ಪತ್ತು, ಮೂವತ್ತು ಡಿಗ್ರಿ. ಮೈಗೆ ಹಿತವಾಗುವುದು ಅಲ್ಲಿಂದ.

ಬೆಂಗಳೂರಿನಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಮರವಿರುವ, ಮರವಿಲ್ಲದ ರಸ್ತೆಯ ತುಂಡುಗಳನ್ನು ಹೋಲಿಸಿ ಅಳೆದು 2013ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಗಾಳಿಯಲ್ಲಿ ಹೆಚ್ಚೆಂದರೆ 5.6 ಡಿಗ್ರಿ ವ್ಯತ್ಯಾಸ ಕಂಡಿತು. ರಸ್ತೆಯ ಮೇಲ್ಮೈಯಲ್ಲಿ 27.5 ಡಿಗ್ರಿಯವರೆಗೆ. ಎರಡನೆಯ ಅಂಕಿಯನ್ನು ಗಮನಿಸಿ. ನೆರಳಿನಲ್ಲಿದ್ದ ಟಾರು ಹಗಲು ಶಾಖ ಕುಡಿಯಲಿಲ್ಲ ಅಂದರೆ ರಾತ್ರಿ ಕಕ್ಕಲು ಅದರ ಹತ್ತಿರ ಏನೂ ಇರುವುದಿಲ್ಲ.

ರಾಯಚೂರಿಗೆ ಇದು ಬೆಂಗಳೂರಿಗಿಂತ ಹೆಚ್ಚು ಅನ್ವಯಿಸುತ್ತದೆ ಅಂತ ನನ್ನ ನಂಬಿಕೆ, ಕಾರಣ ಹೇಳುತ್ತೇನೆ. ನಮ್ಮ ಚರ್ಮದ ತಾಪಮಾನ ಸುಮಾರು 35. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಬೀಸಿದಾಗ ಹಾಯೆನಿಸುತ್ತದೆ. ಅದಕ್ಕಿಂತ ಬಿಸಿಯಾದರೆ ಬೀಸಿದಷ್ಟೂ ಶಾಖ ತಂದು ಹಾಕುತ್ತದೆ, ಅದೇ ಝಳ. ಆಗ ಮೈಗೆ ಉಳಿಯುವ ದಾರಿ ಬೆವರು ಒಂದೇ. ಮಂಗಳೂರಿನ ಧಗೆಯಲ್ಲಿ ನೆರಳಿಗೆ ಬಂದರೂ ಬೆವರು ಆರುವುದಿಲ್ಲ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಒಣಗಾಳಿ, ಬೆವರು ಬಂದದ್ದೇ ಗೊತ್ತಾಗದಂತೆ ಆರುತ್ತದೆ. ಅಂದರೆ ಬೆವರಿನ ದಾರಿ ನಮಗೆ ತೆರೆದೇ ಇದೆ. ತಲೆಯ ಮೇಲಿನ ಬಿಸಿಲು, ಕಾಲ ಕೆಳಗಿನ ಕಾವು ಎರಡನ್ನು ತೆಗೆದುಬಿಟ್ಟರೆ, ಕುಡಿಯಲು ನೀರಿದ್ದರೆ, 42ರಲ್ಲೂ ಮೈ ತಡೆದುಕೊಳ್ಳುತ್ತದೆ. ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಕಟ್ಟೆ, ಮರ, ಅರವಟಿಗೆ ಮೂರೂ ಒಂದೇ ಜಾಗದಲ್ಲಿ ಇರುತ್ತಿದ್ದವು.

ಕೂತವನ ಮೈ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಹುಟ್ಟಿಸುತ್ತದೆ, ನಡೆಯುವವನದು ಅದರ ಎರಡು ಪಟ್ಟು, ಮೂಟೆ ಹೊರುವವನದು ನಾಲ್ಕು ಪಟ್ಟು. ರಾಜೇಂದ್ರ ಗಂಜಿನಲ್ಲಿ ಹತ್ತಿ, ಭತ್ತದ ಚೀಲ ಎತ್ತುವ ಹಮಾಲರಿಗೆ ಶಾಖ ಒಳಗಿನಿಂದಲೂ ಬರುತ್ತದೆ, ಹೊರಗಿನಿಂದಲೂ ಬರುತ್ತದೆ. ಎರಡು ಲಾರಿಗಳ ನಡುವೆ ಅವರಿಗೆ ಸಿಗುವ ಹತ್ತು ನಿಮಿಷ ಎಲ್ಲಿ ಕಳೆಯುತ್ತದೆ ಅನ್ನುವುದರ ಮೇಲೆ ಅವರ ಮೂತ್ರಪಿಂಡ, ಅವರ ಹೃದಯ ನಿಂತಿದೆ.

ಈಗ ಸೂರ್ಯನ ವಿಷಯ. ನಮ್ಮ ಊರು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಮೇ ಮೊದಲ ವಾರದಲ್ಲಿ ಒಂದು ದಿನ, ಗಡಿಯಾರದಲ್ಲಿ ಸುಮಾರು 12.17ಕ್ಕೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಹೊತ್ತು ನೆರಳೇ ಇರುವುದಿಲ್ಲ. ಮಕ್ಕಳಿಗೆ ತೋರಿಸಿ, ಬಹಳ ಖುಷಿ ಪಡುತ್ತಾರೆ. ಆಗಸ್ಟ್ ಮೊದಲ ಹತ್ತು ದಿನಗಳೊಳಗೆ ಇನ್ನೊಮ್ಮೆ ಬರುತ್ತದೆ, ಮೋಡ ಬಿಟ್ಟರೆ ನೋಡಬಹುದು. ಇದರ ಅರ್ಥವೇನು? ಊರಿಗೇ ಅತಿ ಬಿಸಿಯಾದ ದಿನಗಳಲ್ಲಿ, ನಡುಹಗಲು, ಯಾವ ಕಟ್ಟಡವೂ ಯಾವ ಗೋಡೆಯೂ ರಸ್ತೆಗೆ ನೆರಳು ಕೊಡುವುದಿಲ್ಲ. ಐದು ಮಹಡಿ ಇದ್ದರೂ ಅಷ್ಟೇ. ಆಗ ನೆರಳು ಬರುವುದು ಮೇಲಿನಿಂದ ಮಾತ್ರ, ಹರಡಿದ ಕೊಂಬೆಯಿಂದ. ಡಿವೈಡರಿನಲ್ಲಿ ನೆಟ್ಟ ಕಂಬದಂಥ ಅಶೋಕ, ಬಾಟಲಿ ತಾಳೆ ಇವುಗಳ ನೆರಳು ಆ ಹೊತ್ತಿಗೆ ಒಂದು ಕೊಡೆಯಷ್ಟೂ ಇರುವುದಿಲ್ಲ. ಇದ್ದರೂ ಡಿವೈಡರಿನ ಮೇಲೆ ಯಾರು ನಿಲ್ಲುತ್ತಾರೆ?

ಇನ್ನು ಸಂಜೆ ನಾಲ್ಕಕ್ಕೆ ಬನ್ನಿ. ಸೂರ್ಯ ಪಶ್ಚಿಮಕ್ಕೆ ಇಳಿದು ಸುಮಾರು 36 ಡಿಗ್ರಿ ಎತ್ತರದಲ್ಲಿರುತ್ತಾನೆ. ಹತ್ತು ಮೀಟರ್ ಎತ್ತರದ ಮರದ ನೆರಳು ಹದಿಮೂರು ಮೀಟರ್ ಪೂರ್ವಕ್ಕೆ ಓಡಿರುತ್ತದೆ. ಮಧ್ಯಾಹ್ನ ಬಿಸಿಲು ಬೀಳುವುದು ತಲೆ, ಹೆಗಲಿಗೆ. ನಾಲ್ಕಕ್ಕೆ ಮೈಯ ಒಂದು ಮಗ್ಗುಲಿಗೇ ಬೀಳುತ್ತದೆ. ಹಾಗಾಗಿ ಸೂರ್ಯ ಇಳಿದರೂ ಉರಿ ಕಡಿಮೆಯಾಗುವುದಿಲ್ಲ. ಹೂವಿನ ಅಕ್ಕ ಗೋಡೆಗೆ ಒರಗಿ ಕೂತದ್ದು ಇದಕ್ಕೇ. ಅಂದಮೇಲೆ ಸಂಜೆ ಜನ ನಿಲ್ಲುವ ಜಾಗಕ್ಕೆ ಮರ ಇರಬೇಕಾದದ್ದು ಪಶ್ಚಿಮದಲ್ಲಿ. ಉತ್ತರ–ದಕ್ಷಿಣದ ರಸ್ತೆಯಲ್ಲಿ ಮಧ್ಯಾಹ್ನದ ಮೇಲೆ ಪಶ್ಚಿಮ ಬದಿಗೆ ಕಟ್ಟಡಗಳೇ ಒಂದಷ್ಟು ನೆರಳು ಕೊಡುತ್ತವೆ. ಪೂರ್ವದ ಫುಟ್‌ಪಾತ್ ಬೇಯುತ್ತದೆ. ಅಲ್ಲಿ, ಫುಟ್‌ಪಾತಿನ ರಸ್ತೆ ಅಂಚಿಗೆ ಮೊದಲು ಮರ ಬೇಕು. ಪೂರ್ವ–ಪಶ್ಚಿಮದ ರಸ್ತೆಯಲ್ಲಿ ಸೂರ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ರಸ್ತೆಯ ಉದ್ದಕ್ಕೇ ನಡೆಯುತ್ತಾನೆ, ಎರಡೂ ಬದಿಗೆ ಬೇಕು. ಕೋಟೆಯ ಒಳಗಿನ, ತೀನ್ ಕಂದೀಲ್ ಸುತ್ತಿನ ಇಕ್ಕಟ್ಟು ಓಣಿಗಳಲ್ಲಿ ಮನೆಗಳೇ ಒಂದಕ್ಕೊಂದು ನೆರಳಾಗಿವೆ. ಅಲ್ಲಿ ಕೊಂಬೆಗಳಿಂದ ಆಕಾಶ ಮುಚ್ಚಿದರೆ ರಾತ್ರಿಯ ಕಾವು ಹೊರಗೆ ಹೋಗಲು ದಾರಿ ಇರುವುದಿಲ್ಲ, ಗಾಡಿಗಳ ಹೊಗೆಯೂ ಕೆಳಗೇ ಉಳಿಯುತ್ತದೆ. ಮರ ಎಲ್ಲ ಕಡೆಯೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಅಗಲ ಮಾಡಿದ ಹೊಸ ರಸ್ತೆಗಳಿಗೆ ಬೇಕು, ಬಹಳ ಬೇಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಅಶೋಕ ಸಾಲುಮರ ನೆಡಿಸಿದ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಶಾಸನಗಳಲ್ಲಿ ದೇವಾನಾಂಪ್ರಿಯ ಅಂತ ಕರೆದುಕೊಳ್ಳುವ ರಾಜ ಅಶೋಕನೇ ಅನ್ನುವುದನ್ನು ಹೆಸರು ಹಿಡಿದು ಹೇಳಿದ್ದು 1915ರಲ್ಲಿ ಸಿಕ್ಕ, ನಮ್ಮ ಜಿಲ್ಲೆಯ ಮಸ್ಕಿಯ ಬಂಡೆ ಶಾಸನ. ಮರದ ಮಾತು ಮಸ್ಕಿಯಲ್ಲಿಲ್ಲ, ಈಗ ದೆಹಲಿಯಲ್ಲಿರುವ ಸ್ತಂಭದ ಏಳನೆಯ ಶಾಸನದಲ್ಲಿದೆ. ಅಲ್ಲಿನ ಪ್ರಾಕೃತದ ಮಾತು "ಛಾಯೋಪಗಾನಿ": ದಾರಿಗಳಲ್ಲಿ ಆಲದ ಮರ ನೆಡಿಸಿದ್ದೇನೆ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ. ನನಗೆ ಹಿಡಿಸುವುದು ಅಲ್ಲಿ ಎಣಿಕೆ ಇಲ್ಲದಿರುವುದು. ಯಾವ ಮರ, ಎಲ್ಲಿ, ಯಾರಿಗಾಗಿ, ಇಷ್ಟೇ ಇದೆ. ಮನುಷ್ಯರ ಜೊತೆ ದನಗಳನ್ನೂ ನೆನೆಸಿದ್ದಾನೆ.

ಯಾವ ಮರ ಅಂತ ನೀವು ಕೇಳುತ್ತೀರಿ. ನಮಗೆ ಎಲೆ ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಬೇವು ಯುಗಾದಿಯ ಹೊತ್ತಿಗೆ ಹೂವಾಗಿ ಹೊಸ ಚಿಗುರು ತುಂಬಿಕೊಳ್ಳುತ್ತದೆ. ಹೊಂಗೆಯೂ ಹಾಗೆ, ಅದರ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವುದು ಸುಮ್ಮನೆ ಅಲ್ಲ, ಬೇವಿಗಿಂತ ದಟ್ಟ. ಜಾಗ ಅಗಲವಿದ್ದರೆ ಹುಣಸೆ, ಬಸರಿ. ಮೈದಾನದಂಥ ಕಡೆ ಆಲ, ಅರಳಿ. ಮಳೆಮರ ರಾತ್ರಿ ಎಲೆ ಮಡಚಿಕೊಳ್ಳುತ್ತದೆ, ಆಗ ನೆಲದ ಕಾವು ಆಕಾಶಕ್ಕೆ ಹೋಗಲು ಕಿಂಡಿ ಸಿಗುತ್ತದೆ. ಆದರೆ ಅದಕ್ಕೆ ಬಹಳ ಜಾಗ ಬೇಕು. ಗುಲ್‌ಮೊಹರ್ ಮೇ ತಿಂಗಳಲ್ಲಿ ಕಣ್ಣಿಗೆ ಹಬ್ಬ, ಆದರೆ ಹೂ ಬಿಡುವ ಹೊತ್ತಿಗೆ ಎಲೆ ವಿರಳ. ಬೇಗ ಹಸಿರಾಗುತ್ತದೆಂದು ಎಲ್ಲೆಡೆ ಹಚ್ಚಿದ ಕೋನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು.

ಗಿಡ ಹಚ್ಚಿದ ಮೇಲೆ ಬುಡದ ಸುತ್ತ ಕಾಂಕ್ರೀಟು ಹಾಕಬೇಡಿ, ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಮೊದಲ ಎರಡು–ಮೂರು ಬೇಸಿಗೆ ವಾರಕ್ಕೆ ಎರಡು ಸಲವಾದರೂ ನೀರು, ಮೇಲೆ ಒಣಹುಲ್ಲಿನ ಹೊದಿಕೆ ಬೇಕು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಇದ್ದರೂ ನಲ್ಲಿ ನೀರಿಗೆ ಕಾಯುವ ಊರು ನಮ್ಮದು, ಗೊತ್ತು. ಕಾಯಿಪಲ್ಲೆ ತೊಳೆದ ನೀರು ಸಾಕು.

ನೆಡುವುದಕ್ಕಿಂತ ಮೊದಲು ಇದ್ದದ್ದನ್ನು ಉಳಿಸಿಕೊಳ್ಳುವ ಮಾತು. ಇಪ್ಪತ್ತು ವರ್ಷದ ಬೇವು ಕಡಿದು ಅದರ ಬದಲಿಗೆ ಹತ್ತು ಸಸಿ ನೆಟ್ಟರೆ, ಆ ಹತ್ತರ ಎಲೆಯೆಲ್ಲ ಕೂಡಿಸಿದರೂ ಹಳೆಯದರ ಒಂದು ಕೊಂಬೆಗೆ ಸಮ ಬರಲು ವರ್ಷಗಳು ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರಿಂದ ಇದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಇದನ್ನು ತಿಳಿದವರು ಕೇಳಬೇಕು. ನನ್ನ ಓಣಿಯ ಮುಂದಿನ ಸಾಲಿನಲ್ಲಿ ನಾಲ್ಕು ಬೇವು ಹೋದವು. ಅವತ್ತು ಕೇಳಬೇಕಾಗಿತ್ತು, ನಾನು ಊರಲ್ಲಿರಲಿಲ್ಲ. ಆ ನೋವು ಇನ್ನೂ ಇದೆ.

ಇನ್ನೊಂದು, ಬಹಳ ಸುಲಭವಾಗಿ ಸರಿಪಡಿಸಬಹುದಾದದ್ದು. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಸವರುತ್ತಾರೆ. ಬೇಕಾದ ಕೆಲಸವೇ, ಗಾಳಿಮಳೆಗೆ ತಂತಿ ಹರಿದರೆ ಜೀವ ಹೋಗುತ್ತದೆ. ಆದರೆ ಅದು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ವರ್ಷವಿಡೀ ಬೆಳೆದ ನೆರಳನ್ನು ಸರಿಯಾಗಿ ಬೇಕಾದ ತಿಂಗಳಿಗೇ ಕತ್ತರಿಸಿದಂತೆ. ಅದೇ ಕೆಲಸವನ್ನು ದೀಪಾವಳಿ ಆದಮೇಲೆ, ಚಳಿಗಾಲದಲ್ಲಿ ಮಾಡಿದರೆ ಯುಗಾದಿಗೆ ಹೊಸ ಚಿಗುರು ಬಂದಿರುತ್ತದೆ. ಮೇ ತಿಂಗಳಿಗೆ ಉಳಿಯುವುದು ನಿಜವಾಗಿ ಅಪಾಯದ ನಾಲ್ಕಾರು ಕೊಂಬೆ ಮಾತ್ರ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಬಿಸಿಲು ತಪ್ಪಿಸಲಿಕ್ಕೆ. ಒಳ್ಳೆಯದೇ. ಆದರೆ ಪಹಣಿಗೋ ಪಿಂಚಣಿಗೋ ಹಳ್ಳಿಯಿಂದ ಬಂದ ಅಜ್ಜಿ ಕಚೇರಿ ಮುಚ್ಚಿದ ಮೇಲೆ ಹೊರಗೆ ಬಂದು ಬಸ್ಸಿಗೆ ನಿಲ್ಲುವುದು ಎರಡು ಗಂಟೆಗೆ. ಆಕೆ ಎಲ್ಲಿ ನಿಲ್ಲುತ್ತಾಳೆ, ಆ ಹೊತ್ತಿಗೆ ಅಲ್ಲಿ ನೆರಳಿದೆಯೇ ಅನ್ನುವುದು ಯಾವ ಕಡತದಲ್ಲೂ ಇಲ್ಲ. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನೀವು, ನಿಮ್ಮ ಮನೆಯವರು, ನಿಮ್ಮ ಅಂಗಡಿಯ ಹುಡುಗರು ದಿನಾ ಬಿಸಿಲಲ್ಲಿ ನಿಲ್ಲಲೇಬೇಕಾದ ಜಾಗ ಬರೆಯಿರಿ. ಪಕ್ಕದ ಸಾಲಿನಲ್ಲಿ ಎಷ್ಟು ಗಂಟೆಗೆ ಅಂತ ಬರೆಯುವುದನ್ನು ಮರೆಯಬೇಡಿ. ಮರ ಯಾವ ಬದಿಗೆ ಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು.